ಮರಳಿ ಬಂದ ಮರಳಿನ ಪಾಠ

1623ರ ನವೆಂಬರ್ ತಿಂಗಳು. ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಪರಿವಾರದಲ್ಲಿ ಪಿಯೆತ್ರೊ ದೆಲ್ಲ ವಲ್ಲೆ ಎಂಬ ಇಟಲಿಯ ಪ್ರವಾಸಿಯೂ ಇದ್ದ. ಗೇರುಸೊಪ್ಪೆಯಿಂದ ಘಟ್ಟ ಹತ್ತಿ ಬಂದ ಪರಿವಾರ ಒಂದು ಹಳ್ಳಿಯಲ್ಲಿ ತಂಗಿತು. ದೇವಸ್ಥಾನದ ಜಗಲಿಯಲ್ಲಿ ಕುಳಿತು ಹೊತ್ತು ಕಳೆಯುತ್ತಿದ್ದ ದೆಲ್ಲ ವಲ್ಲೆಯ ಕಣ್ಣಿಗೆ ನಾಲ್ವರು ಹುಡುಗರು ಬಿದ್ದರು. ನೆಲದ ಮೇಲೆ ತೆಳುವಾಗಿ ಮರಳು ಹರಡಿಕೊಂಡು, ಒಬ್ಬ ಮಗ್ಗಿಯ ಒಂದು ಸಾಲನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಬರೆಯುತ್ತಿದ್ದ. ಉಳಿದವರು ಅದೇ ರಾಗದಲ್ಲಿ ಹೇಳುತ್ತ, ಅದನ್ನೇ ಬರೆಯುತ್ತಿದ್ದರು. ನೆಲ ತುಂಬಿದಾಗ ಅಳಿಸಿ ಮತ್ತೆ ಮರಳು ಚೆಲ್ಲುತ್ತಿದ್ದರು. ಕಾಗದವಿಲ್ಲ, ಲೇಖನಿಯಿಲ್ಲ, ಮಸಿಯಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಗುರುವೇ ಇರಲಿಲ್ಲ.

ಪ್ರವಾಸಿಗೆ ಕುತೂಹಲ ಹುಟ್ಟಿತು. ತಪ್ಪಿದರೆ ತಿದ್ದುವವರು ಯಾರು, ನೀವೆಲ್ಲರೂ ಕಲಿಯುವವರೇ ಅಲ್ಲವೆ, ಎಂದು ಕೇಳಿದ. ನಾಲ್ಕು ಜನರೂ ಒಂದೇ ಸಲಕ್ಕೆ ತಪ್ಪುವುದು ಸಾಧ್ಯವಿಲ್ಲ, ಒಬ್ಬ ಮರೆತರೆ ಇನ್ನೊಬ್ಬನಿಗೆ ನೆನಪಿರುತ್ತದೆ, ಅದಕ್ಕಾಗಿಯೇ ಜೊತೆಯಲ್ಲಿ ಕಲಿಯುತ್ತೇವೆ ಎಂಬ ಅರ್ಥದ ಉತ್ತರ ಬಂತು. ದೆಲ್ಲ ವಲ್ಲೆ ಮೆಚ್ಚಿ ಇದನ್ನು ತನ್ನ ಪತ್ರದಲ್ಲಿ ಬರೆದಿಟ್ಟ. ನಮ್ಮ ಮಲೆನಾಡಿನ ಮಕ್ಕಳ ಕಲಿಕೆಯ ಬಗ್ಗೆ ಯುರೋಪಿನವನೊಬ್ಬ ಕಣ್ಣಾರೆ ಕಂಡು ಬರೆದ ಹಳೆಯ ದಾಖಲೆಗಳಲ್ಲಿ ಇದೂ ಒಂದು.

ಒಂದು ದೇಶದ ಶಿಕ್ಷಣವನ್ನು ಇನ್ನೊಂದು ದೇಶದ್ದರ ಜೊತೆ ಹೋಲಿಸುವುದು ಇಂದು ದೊಡ್ಡ ಉದ್ಯೋಗವೇ ಆಗಿದೆ. ಫಿನ್‌ಲೆಂಡಿನಲ್ಲಿ ಹೀಗಂತೆ, ಸಿಂಗಪುರದಲ್ಲಿ ಹಾಗಂತೆ ಎಂದು ನಾವು ದಿನವೂ ಕೇಳುತ್ತೇವೆ. ಆದರೆ ಎರಡು ಶತಮಾನಗಳ ಹಿಂದೆ ಇಂಥ ಹೋಲಿಕೆಯಲ್ಲಿ ಕಲಿಯಲು ಬಂದವರು ಹೊರಗಿನವರು, ಕಲಿಸಿದ್ದು ನಮ್ಮ ಜಗಲಿ. ಆ ಪಾಠ ಇಲ್ಲಿಂದ ಹೊರಟು, ಲೋಕ ಸುತ್ತಿ, ಕೊನೆಗೆ ನಮ್ಮಲ್ಲಿಗೇ ಮರಳಿ ಬಂದ ಕಥೆ ಸ್ವಾರಸ್ಯಕರವಾದುದು. ನೆರೆಯವರಿಂದ ಏನನ್ನು ಕಲಿಯಬಹುದು, ಏನನ್ನು ಕಲಿಯಲಾಗದು ಎಂಬುದನ್ನೂ ಅದು ತೋರಿಸುತ್ತದೆ.

ಎಗ್ಮೋರಿನ ಅನಾಥಾಲಯ

ದೆಲ್ಲ ವಲ್ಲೆ ಕಂಡ ಪದ್ಧತಿ ಇಕ್ಕೇರಿ ಸೀಮೆಗೆ ಮಾತ್ರ ಸೇರಿದ್ದಲ್ಲ. ಮರಳಿನ ಮೇಲೆ ಬರೆಯುವುದು, ಮುಂದೆ ಹೋದ ಹುಡುಗ ಹಿಂದಿನವನಿಗೆ ಹೇಳಿಕೊಡುವುದು ದಕ್ಷಿಣ ಭಾರತದ ಊರೂರುಗಳ ವಾಡಿಕೆಯಾಗಿತ್ತು. ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್ 1787ರಲ್ಲಿ ಭಾರತಕ್ಕೆ ಬಂದು, 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿದ್ದ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಕನಾದ. ಅಲ್ಲಿದ್ದವರು ಕಂಪನಿಯ ಬಿಳಿಯ ಸೈನಿಕರ ಮಕ್ಕಳು. ಹಲವರ ತಾಯಂದಿರು ಭಾರತೀಯರು. ಪಾಠ ಹೇಳಲು ಒಳ್ಳೆಯ ಮಾಸ್ತರರು ಸಿಗುತ್ತಿರಲಿಲ್ಲ, ಸಿಕ್ಕವರು ನಿಲ್ಲುತ್ತಿರಲಿಲ್ಲ.

ಒಂದು ದಿನ ದಾರಿಯಲ್ಲಿ ಹೋಗುತ್ತಿದ್ದಾಗ ಊರ ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಅಕ್ಷರ ತೀಡುತ್ತಿದ್ದುದನ್ನು ಬೆಲ್ ನೋಡಿದ. ಹಿಂದಿರುಗಿ ಬಂದವನೇ ಅನಾಥಾಲಯದಲ್ಲಿಯೂ ಹಾಗೆಯೇ ಕಲಿಸಿರೆಂದು ಹೇಳಿದ. ಅಲ್ಲಿನ ಮಾಸ್ತರರು ಒಪ್ಪಲಿಲ್ಲ. ಇದು ಆಗದ ಮಾತು ಎಂದರು. ಆಗ ಬೆಲ್ ಎಂಟು ವರ್ಷದ ಜಾನ್ ಫ್ರಿಸ್ಕನ್ ಎಂಬ ಸೈನಿಕನ ಮಗನನ್ನು ಕರೆದು ಚಿಕ್ಕಮಕ್ಕಳ ಅಕ್ಷರಾಭ್ಯಾಸವನ್ನು ಅವನಿಗೆ ಒಪ್ಪಿಸಿದ. ದೊಡ್ಡವರು ಕೈಚೆಲ್ಲಿದ ಕೆಲಸವನ್ನು ಹುಡುಗ ಮಾಡಿ ತೋರಿಸಿದ. ಕ್ರಮೇಣ ಶಾಲೆಯ ಬಹುಪಾಲು ಪಾಠ ಮಕ್ಕಳ ಕೈಯಲ್ಲೇ ನಡೆಯತೊಡಗಿತು.

1796ರಲ್ಲಿ ಬೆಲ್ ಸ್ವದೇಶಕ್ಕೆ ಮರಳಿದ. ಮರುವರ್ಷ ಮದರಾಸಿನ ಪ್ರಯೋಗವನ್ನು ಕುರಿತು ಒಂದು ಪುಸ್ತಿಕೆ ಪ್ರಕಟಿಸಿದ. 1798ರಲ್ಲಿ ಲಂಡನ್ನಿನ ಧರ್ಮಶಾಲೆಯೊಂದು ಈ ಪದ್ಧತಿಯನ್ನು ಕೈಗೊಂಡಿತು. ಅದೇ ವರ್ಷ ಜೋಸೆಫ್ ಲ್ಯಾಂಕಾಸ್ಟರ್ ಎಂಬ ಕ್ವೇಕರ್ ಪಂಥದ ತರುಣ ಲಂಡನ್ನಿನ ಬರೋ ರಸ್ತೆಯಲ್ಲಿ ಬಡಮಕ್ಕಳಿಗಾಗಿ ಶಾಲೆ ತೆರೆದಿದ್ದ. ಮಾಸ್ತರರನ್ನಿಡಲು ಹಣವಿಲ್ಲದ ಅವನೂ ಇದೇ ಹಾದಿ ಹಿಡಿದ. ಪದ್ಧತಿಯ ಜನಕ ನಾನೋ ನೀನೋ ಎಂದು ಇಬ್ಬರಿಗೂ ಜಗಳ ಹತ್ತಿತು. ಬೆಲ್ ಪರವಾಗಿ ಇಂಗ್ಲೆಂಡಿನ ಅಧಿಕೃತ ಚರ್ಚು, ಲ್ಯಾಂಕಾಸ್ಟರ್ ಪರವಾಗಿ ಇತರ ಪಂಥದವರು ನಿಂತರು. ಇಬ್ಬರ ಜಗಳದಲ್ಲಿ ಸಾವಿರಾರು ಶಾಲೆಗಳು ಎದ್ದವು. ಜನಕತ್ವದ ಪ್ರಶ್ನೆಗೆ ಉತ್ತರವಾಗಬಹುದಾಗಿದ್ದ ಜಗಲಿಯ ಹುಡುಗರು ಮಾತ್ರ ಯಾರ ನೆನಪಿಗೂ ಬರಲಿಲ್ಲ.

ಅಗ್ಗದ ಯಂತ್ರ

ಇಂಗ್ಲೆಂಡಿನಲ್ಲಿ ಅದು ಕೈಗಾರಿಕಾ ಕ್ರಾಂತಿಯ ಕಾಲ. ಗಿರಣಿಗಳ ಊರುಗಳಲ್ಲಿ ಬಡವರ ಮಕ್ಕಳು ತುಂಬಿದ್ದರು. ಅವರಿಗೆ ಅಕ್ಷರ ಬೇಕು, ಆದರೆ ಖರ್ಚು ಬೇಡ ಎಂಬುದು ಆಳುವವರ ಅಭಿಪ್ರಾಯ. ಒಬ್ಬ ಮಾಸ್ತರ್ ಸಾವಿರ ಹುಡುಗರಿಗೆ ಕಲಿಸಬಲ್ಲ ಎಂದು ಲ್ಯಾಂಕಾಸ್ಟರ್ ಹೇಳಿದಾಗ ಎಲ್ಲರ ಕಿವಿ ನೆಟ್ಟಗಾಯಿತು. ವಿಶಾಲವಾದ ಒಂದೇ ಹಜಾರ, ಸಾಲುಸಾಲು ಬೆಂಚು, ಸಾಲಿಗೊಬ್ಬ ಮಾನಿಟರ್, ಎತ್ತರದ ಪೀಠದಲ್ಲಿ ಮಾಸ್ತರ್. ಮಾಸ್ತರ್ ಮಾನಿಟರುಗಳಿಗೆ, ಮಾನಿಟರುಗಳು ಮಕ್ಕಳಿಗೆ. ಸನ್ನೆ ಮಾಡಿದರೆ ಹಲಗೆ ಎತ್ತಬೇಕು, ಸನ್ನೆ ಮಾಡಿದರೆ ಇಳಿಸಬೇಕು. ಇದನ್ನು ಉಗಿಯಂತ್ರಕ್ಕೆ ಹೋಲಿಸಿ ಕವಿ ಕೋಲರಿಜ್ ಕೊಂಡಾಡಿದ. ಲ್ಯಾಂಕಾಸ್ಟರ್ ಬೆತ್ತಕ್ಕೆ ವಿರೋಧಿ. ಆದರೆ ತಪ್ಪು ಮಾಡಿದವರ ಕೊರಳಿಗೆ ಮರದ ದಿಮ್ಮಿ ಕಟ್ಟುವುದು, ಬುಟ್ಟಿಯಲ್ಲಿ ಕೂರಿಸಿ ಮಾಡಿಗೆ ತೂಗುಹಾಕುವುದು ಅವನ ಶಿಕ್ಷೆಗಳಾಗಿದ್ದವು. ಬೆಲ್ ಅಂತೂ, ಬಡವರ ಮಕ್ಕಳನ್ನು ಅವರ ಅಂತಸ್ತಿಗೆ ಮೀರಿ ಓದಿಸಬಾರದು ಎಂದು ನಂಬಿದ್ದವನು.

ಆದರೂ ಪದ್ಧತಿ ಕಾಡ್ಗಿಚ್ಚಿನಂತೆ ಹಬ್ಬಿತು. ನ್ಯೂಯಾರ್ಕಿನ ಉಚಿತ ಶಾಲೆಗಳು ಅದನ್ನು ಎತ್ತಿಕೊಂಡವು. ಫ್ರಾನ್ಸ್, ರಷ್ಯಗಳಿಗೂ ಅದು ಹೋಯಿತು. ದಕ್ಷಿಣ ಅಮೆರಿಕದ ವಿಮೋಚಕ ಸಿಮೊನ್ ಬೊಲಿವಾರ್ ಲಂಡನ್ನಿನಲ್ಲಿ ಲ್ಯಾಂಕಾಸ್ಟರನನ್ನು ಕಂಡಿದ್ದ. ಅವನ ಪ್ರೋತ್ಸಾಹದಿಂದ 1820ರ ದಶಕದಲ್ಲಿ ಲ್ಯಾಂಕಾಸ್ಟರ್ ಕರಾಕಸ್‌ಗೂ ಹೋಗಿ ಬಂದ. ಸಾಲದಲ್ಲಿ ಮುಳುಗಿದ ಅವನು 1838ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಕುದುರೆಗಾಡಿಗೆ ಸಿಕ್ಕು ತೀರಿಕೊಂಡ. 1832ರಲ್ಲಿ ತೀರಿಕೊಂಡಿದ್ದ ಬೆಲ್‌ಗೆ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯ ಗೌರವ ಸಿಕ್ಕಿತು. ಅವನ ಹಣದಿಂದ ಅವನ ಹುಟ್ಟೂರು ಸೇಂಟ್ ಆಂಡ್ರ್ಯೂಸ್‌ನಲ್ಲಿ ತೆರೆದ ಶಾಲೆಗೆ ಇಂದಿಗೂ ಮದ್ರಾಸ್ ಕಾಲೇಜ್ ಎಂದೇ ಹೆಸರು.

ಬಳ್ಳಾರಿಯ ಲೆಕ್ಕ

ಈ ಪದ್ಧತಿ ಲೋಕಸಂಚಾರದಲ್ಲಿದ್ದಾಗ ಅದರ ತವರಿನ ಸ್ಥಿತಿ ಹೇಗಿತ್ತು? ಅದಕ್ಕೂ ದಾಖಲೆ ಇದೆ. 1817ರಲ್ಲಿ ಫ್ರಾನ್ಸಿನ ಮಾರ್ಕ್ ಆಂತ್ವಾನ್ ಜುಲಿಯೆನ್ ಎಂಬಾತ, ಯುರೋಪಿನ ದೇಶಗಳಿಗೆಲ್ಲ ಒಂದೇ ಪ್ರಶ್ನಾವಳಿ ಕಳಿಸಿ ಶಿಕ್ಷಣವನ್ನು ತುಲನೆ ಮಾಡಬೇಕೆಂಬ ಯೋಜನೆ ಪ್ರಕಟಿಸಿದ್ದ. ಅದು ಆಗ ಕಾಗದದಲ್ಲಿಯೇ ಉಳಿಯಿತು. ಐದು ವರ್ಷಗಳ ನಂತರ, 1822ರ ಜೂನ್‌ನಲ್ಲಿ, ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತದ ಕಲೆಕ್ಟರುಗಳಿಗೆಲ್ಲ ಶಾಲೆಗಳ ಲೆಕ್ಕ ಕೇಳಿ ಬರೆದ. ಮಂತ್ರಾಲಯದ ಐತಿಹ್ಯದಿಂದ ನಮ್ಮ ಕಡೆಯವರಿಗೆ ಪರಿಚಿತನಾದ ಮನ್ರೋ ಇವನೇ.

ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ಉತ್ತರ ಇವುಗಳಲ್ಲೆಲ್ಲ ವಿವರವಾದದ್ದು. ಸುಮಾರು ಒಂಬತ್ತು ಲಕ್ಷ ಇಪ್ಪತ್ತೆಂಟು ಸಾವಿರ ಜನಸಂಖ್ಯೆಯ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಸಂಸ್ಕೃತದವು 23, ಪಾರ್ಸಿಯವು 21, ತಮಿಳಿನವು 4. ಇಂಗ್ಲಿಷ್ ಶಾಲೆ ಒಂದೇ ಒಂದು!

ಕ್ಯಾಂಬೆಲ್‌ನ ವರದಿಯಲ್ಲಿ ನಮ್ಮ ಕೂಲಿಮಠ ಕಣ್ಣಿಗೆ ಕಟ್ಟುತ್ತದೆ. ಐದನೆಯ ವರ್ಷದಲ್ಲಿ ಗಣಪತಿ ಪೂಜೆ ಮಾಡಿಸಿ, ಅಕ್ಕಿಯ ಮೇಲೆ ಬೆರಳಿನಿಂದ ಬರೆಸಿ ಮಗುವನ್ನು ಸೇರಿಸುತ್ತಿದ್ದರು. ಬೆಳಗಿನ ಆರು ಗಂಟೆಗೆ ಶಾಲೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಿತ್ತು. ಮೈಗಳ್ಳರನ್ನು ಎರಡೂ ಕೈ ಕಟ್ಟಿ ಮಾಡಿಗೆ ಎಳೆದು ನೇತುಹಾಕುವ ಶಿಕ್ಷೆಯೂ ಇತ್ತು. ನಮ್ಮ ಹಿರಿಯರು ಇದನ್ನೇ ಕೋದಂಡ ಎನ್ನುತ್ತಿದ್ದರು. ಗುರುವಿಗೆ ತಿಂಗಳಿಗೆ ಕಾಲು ರೂಪಾಯಿ. ಕಾಗದದ ಮೇಲೆ ಬರೆಯುವ ಹಂತಕ್ಕೆ ಬಂದವನು ಅರ್ಧ ರೂಪಾಯಿ ಕೊಡಬೇಕು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಕ್ರಮವನ್ನು ಕ್ಯಾಂಬೆಲ್ ಹೊಗಳುತ್ತಾನೆ. ಇಂಗ್ಲೆಂಡ್ ಅದನ್ನು ಅನುಕರಿಸಿದ್ದು ಯೋಗ್ಯವೇ ಎನ್ನುತ್ತಾನೆ. ಆದರೆ ಮಕ್ಕಳು ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಾರೆ, ಓದುವ ಕಾವ್ಯದ ಭಾಷೆಗೂ ಆಡುವ ಮಾತಿಗೂ ಸಂಬಂಧವಿಲ್ಲ ಎಂದು ಕೊರಗುತ್ತಾನೆ.

ಇಲ್ಲಿ ಒಂದು ಲೆಕ್ಕ ಮಾಡಿ ನೋಡಬೇಕು. 6,641 ಮಕ್ಕಳನ್ನು 533 ಶಾಲೆಗಳಿಗೆ ಹಂಚಿದರೆ ಶಾಲೆಗೆ ಹನ್ನೆರಡು ಹದಿಮೂರು ಮಕ್ಕಳು. ಬಳ್ಳಾರಿಯಲ್ಲಿ ಗುರುವಿಗೆ ಪ್ರತಿ ಮಗುವಿನ ಹೆಸರು, ಮನೆ, ತಂದೆಯ ಕಸುಬು ಗೊತ್ತಿದ್ದಿರಬೇಕು. ಹಿರಿಯ ಹುಡುಗ ಕಿರಿಯವನಿಗೆ ಹೇಳಿಕೊಡುತ್ತಿದ್ದುದು ಗುರುವಿನ ಕೈಗೆ ಆಸರೆಯಾಗಿ. ಲಂಡನ್ನಿನಲ್ಲಿ ಅದೇ ಕ್ರಮ ಸಾವಿರ ಮಕ್ಕಳಿಗೆ ಒಬ್ಬ ಮಾಸ್ತರ್ ಸಾಕು ಎನ್ನುವುದಕ್ಕೆ ನೆಪವಾಯಿತು. ಇಂಗ್ಲೆಂಡ್ ನಮ್ಮಿಂದ ಕೊಂಡೊಯ್ದದ್ದು ಮರಳನ್ನು ಮತ್ತು ಮಾನಿಟರನ್ನು. ಜಗಲಿಯನ್ನು ಇಲ್ಲಿಯೇ ಬಿಟ್ಟುಹೋಯಿತು.

ಹಾಗೆಂದು ಆ ಜಗಲಿಯನ್ನು ಸ್ವರ್ಗವೆಂದು ವರ್ಣಿಸುವುದೂ ಸಲ್ಲದು. 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ 60. ಮದರಾಸು ಪ್ರಾಂತದ ಹಲವು ಜಿಲ್ಲೆಗಳಲ್ಲಿ ಶೂದ್ರ ಎಂದು ದಾಖಲಾದ ವರ್ಗದ ಹುಡುಗರು ಬ್ರಾಹ್ಮಣ ಹುಡುಗರಿಗಿಂತ ಹೆಚ್ಚಾಗಿದ್ದರೆಂಬುದು ನಿಜ. ಆದರೆ ಅಸ್ಪೃಶ್ಯರೆಂದು ದೂರವಿಟ್ಟವರ ಮಕ್ಕಳಿಗೆ ದೇವಸ್ಥಾನದ ಜಗಲಿ ಹತ್ತಲು ಎಲ್ಲಿಯ ಅವಕಾಶ? ಆ ಬಾಗಿಲು ತೆರೆಯಲು 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭಿಸಿದ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಅವರಂಥವರು ಬರಬೇಕಾಯಿತು.

ಇದ್ದ ಶಾಲೆಗಳೂ ಮುಚ್ಚಿಹೋಗುತ್ತಿವೆ ಎಂದು ಕ್ಯಾಂಬೆಲ್ ಮುಚ್ಚುಮರೆಯಿಲ್ಲದೆ ಬರೆದ. ಕಾರಣ ಬಡತನ. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ಮಗ್ಗ ನಿಂತಿತ್ತು; ವಿದ್ಯೆಗೆ ಸಲ್ಲುತ್ತಿದ್ದ ಹಿಂದಿನ ಅರಸರ ನೆರವು ನಿಂತಿತ್ತು. ಮನ್ರೋ 1826ರಲ್ಲಿ ಇಡೀ ಪ್ರಾಂತದ ಲೆಕ್ಕ ಕೂಡಿಸಿದಾಗ 12,498 ಶಾಲೆಗಳು, 188,650 ವಿದ್ಯಾರ್ಥಿಗಳು ಕಂಡುಬಂದರು. ಇದು ಇಂಗ್ಲೆಂಡಿಗಿಂತ ಕಡಿಮೆ, ಆದರೆ ಸ್ವಲ್ಪ ಕಾಲದ ಹಿಂದಿನ ಯುರೋಪಿನ ಬಹುಪಾಲು ದೇಶಗಳಿಗಿಂತ ಹೆಚ್ಚು ಎಂದು ಅವನು ತೀರ್ಮಾನಿಸಿದ. ಇವೇ ಅಂಕಿಅಂಶಗಳು ಮುಂದೆ ದೊಡ್ಡ ವಾದಕ್ಕೆ ಕಾರಣವಾದವು. 1931ರಲ್ಲಿ ಲಂಡನ್ನಿನಲ್ಲಿ ಗಾಂಧೀಜಿ, ಬ್ರಿಟಿಷರು ಬಂದ ಮೇಲೆ ಭಾರತದಲ್ಲಿ ಅನಕ್ಷರತೆ ಹೆಚ್ಚಿತೆಂದು ಹೇಳಿದಾಗ ಫಿಲಿಪ್ ಹಾರ್ಟಾಗ್ ಅದನ್ನು ಅಲ್ಲಗಳೆದರು. 1983ರಲ್ಲಿ ಧರಂಪಾಲ್ ಹಳೆಯ ವರದಿಗಳನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸಿದರು. ವಾದ ಇನ್ನೂ ಮುಗಿದಿಲ್ಲ.

ಪ್ರಷ್ಯದ ತರಗತಿ, ಇಂಗ್ಲೆಂಡಿನ ಕೂಲಿ

ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಬರುವಷ್ಟರಲ್ಲಿ ಮಾನಿಟರುಗಳ ಶಾಲೆಗೆ ಕಳೆಗುಂದಿತು. ಅರೆಕಲಿತ ಹುಡುಗ ಕಲಿಸಬಲ್ಲದ್ದು ಕಾಗುಣಿತ, ಮಗ್ಗಿ. ಅದಕ್ಕಿಂತ ಮುಂದಕ್ಕೆ ಆತ ಒಯ್ಯಲಾರ. ಎಲ್ಲರ ಕಣ್ಣು ಪ್ರಷ್ಯದ ಕಡೆ ಹೊರಳಿತು. 1763ರಲ್ಲಿಯೇ ಕಡ್ಡಾಯ ಶಿಕ್ಷಣದ ಕಾನೂನು ತಂದಿದ್ದ ಆ ರಾಜ್ಯ, 1806ರಲ್ಲಿ ನೆಪೋಲಿಯನ್ನನಿಂದ ಸೋತ ಮೇಲೆ ಶಾಲೆಯ ಮೂಲಕವೇ ರಾಷ್ಟ್ರ ಕಟ್ಟಲು ಹೊರಟಿತ್ತು. ವಯಸ್ಸಿಗೆ ತಕ್ಕ ತರಗತಿ, ತರಬೇತಿ ಪಡೆದ ಶಿಕ್ಷಕ, ಸರ್ಕಾರದ ಮೇಲ್ವಿಚಾರಣೆ. ನಾವು ಇಂದು ಶಾಲೆ ಎಂದಾಗ ಕಣ್ಣಮುಂದೆ ಬರುವ ಚಿತ್ರ ಬಹುಪಾಲು ಅಲ್ಲಿಯದು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹೊರೇಸ್ ಮ್ಯಾನ್ 1843ರಲ್ಲಿ ಪ್ರಷ್ಯಕ್ಕೆ ಹೋಗಿ ಬಂದ. ಅಲ್ಲಿ ಕುರ್ಚಿಯಲ್ಲಿ ಕುಳಿತು, ಪುಸ್ತಕ ಹಿಡಿದು ಪಾಠ ಒಪ್ಪಿಸಿಕೊಳ್ಳುವ ಶಿಕ್ಷಕರಿರಲಿಲ್ಲ. ಏಟು ತಿಂದು ಅಳುವ ಮಗು ಅವನ ಕಣ್ಣಿಗೆ ಬೀಳಲಿಲ್ಲ. ಅವನ ವರದಿ ಓದಿ ಬಾಸ್ಟನ್ನಿನ ಶಾಲಾ ಮಾಸ್ತರರು ಸಿಡಿದೆದ್ದರು. ಟೀಕಾಕಾರರ ಒಂದು ಪ್ರಶ್ನೆ ಮಾತ್ರ ತೂಕದ್ದಾಗಿತ್ತು: ಅರಸನಿಗೆ ವಿಧೇಯರಾದ ಪ್ರಜೆಗಳನ್ನು ತಯಾರಿಸುವ ಶಾಲೆಯ ವಿಧಾನ ಪ್ರಜಾಪ್ರಭುತ್ವಕ್ಕೆ ಹೊಂದೀತೆ? ಉದ್ದೇಶವನ್ನು ಬಿಟ್ಟು ವಿಧಾನವನ್ನು ಮಾತ್ರ ತರಬಹುದು ಎಂದು ಮ್ಯಾನ್ ವಾದಿಸಿದ. ದೇಶದೇಶಗಳ ಶಿಕ್ಷಣವನ್ನು ಹೋಲಿಸುವವರೆಲ್ಲ ಅಂದಿನಿಂದ ಇಂದಿನವರೆಗೆ ಎದುರಿಸುತ್ತ ಬಂದ ಪ್ರಶ್ನೆ ಇದೇ.

ಇಂಗ್ಲೆಂಡ್ ಹಿಡಿದದ್ದು ಬೇರೆಯೇ ದಾರಿ. 1862ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿ, ಫಲಿತಾಂಶಕ್ಕೆ ತಕ್ಕ ಹಣ ಎಂಬ ನಿಯಮ ತಂದ. ಮಗುವಿಗೆ ಓದು, ಬರಹ, ಲೆಕ್ಕ ಬರುತ್ತದೆಯೇ ಎಂದು ಇನ್ಸ್‌ಪೆಕ್ಟರ್ ಬಂದು ಪರೀಕ್ಷೆ ಮಾಡುತ್ತಿದ್ದ. ನಪಾಸಾದ ಒಂದೊಂದು ವಿಷಯಕ್ಕೂ ಶಾಲೆಯ ಅನುದಾನದಲ್ಲಿ ಕಡಿತ. ಪರಿಣಾಮ ಊಹಿಸಬಹುದಾದದ್ದೇ. ಪರೀಕ್ಷೆಯ ಮೂರು ವಿಷಯಗಳ ಆಚೆಗಿನದೆಲ್ಲ ಸೊರಗಿತು. ಮಕ್ಕಳು ಪುಸ್ತಕವನ್ನು ತಲೆಕೆಳಗಾಗಿ ಹಿಡಿದೂ ನಿರರ್ಗಳವಾಗಿ "ಓದುತ್ತಿದ್ದರು" ಎಂಬ ಕಥೆಗಳು ಹುಟ್ಟಿದವು. ಸ್ವತಃ ಇನ್ಸ್‌ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಅರ್ನಾಲ್ಡ್ ಇದನ್ನು ಕಟುವಾಗಿ ಖಂಡಿಸಿದ. ಶತಮಾನ ಮುಗಿಯುವ ಮೊದಲೇ ಇಂಗ್ಲೆಂಡ್ ಅದನ್ನು ಕೈಬಿಟ್ಟಿತು. ಆದರೆ ಅಷ್ಟರಲ್ಲಿ ಪದ್ಧತಿ ಹಡಗು ಹತ್ತಿ ಮದರಾಸಿಗೂ ಮುಂಬಯಿಗೂ ಬಂದಾಗಿತ್ತು. ಅರ್ಥ ತಿಳಿಯದ ಬಾಯಿಪಾಠ ಎಂದು ಕ್ಯಾಂಬೆಲ್ ಯಾವುದನ್ನು ಹಳಿದಿದ್ದನೋ ಅದಕ್ಕೆ ಈಗ ಸರ್ಕಾರವೇ ದುಡ್ಡು ಕೊಡತೊಡಗಿತು.

ಅಂಕಪಟ್ಟಿಯ ಕಾಲ

ಜುಲಿಯೆನ್ ಕಂಡ ಕನಸು 2000ರಲ್ಲಿ ಬೇರೊಂದು ರೂಪದಲ್ಲಿ ನನಸಾಯಿತು. ಹದಿನೈದು ವರ್ಷದ ಮಕ್ಕಳಿಗೆ ದೇಶದೇಶಗಳಲ್ಲಿ ಒಂದೇ ಬಗೆಯ ಪರೀಕ್ಷೆ ನಡೆಸುವ 'ಪೀಸಾ' ಆಗ ಆರಂಭವಾಯಿತು. ಮೊದಲ ಫಲಿತಾಂಶ ಕಂಡು ಜರ್ಮನಿ ಬೆಚ್ಚಿತು. ಲೋಕವೆಲ್ಲ ಒಂದು ಕಾಲಕ್ಕೆ ಅನುಕರಿಸಿದ ಪ್ರಷ್ಯದ ವಾರಸುದಾರ ದೇಶ ಸರಾಸರಿಗಿಂತ ಕೆಳಗಿತ್ತು! ಯಾರ ಗಮನದಲ್ಲೂ ಇರದಿದ್ದ ಫಿನ್‌ಲೆಂಡ್ ಮೇಲಿತ್ತು. ವಿಮಾನ ತುಂಬ ಅಧಿಕಾರಿಗಳು ಹೆಲ್ಸಿಂಕಿಗೆ ಹೋದರು. ಪರೀಕ್ಷೆ ಕಡಿಮೆ, ಮನೆಪಾಠವೂ ಕಡಿಮೆ ಎಂದು ಬರೆದುಕೊಂಡು ಬಂದರು. ಆ ದೇಶ 1948ರಿಂದಲೇ ಪ್ರತಿ ಮಗುವಿಗೂ ಶಾಲೆಯಲ್ಲಿ ಬಿಟ್ಟಿ ಊಟ ಹಾಕುತ್ತ ಬಂದದ್ದು, 1970ರ ದಶಕದಲ್ಲಿ ಬಡವ ಬಲ್ಲಿದರ ಮಕ್ಕಳನ್ನು ಒಂದೇ ಶಾಲೆಯಲ್ಲಿ ಕೂರಿಸಿದ್ದು, ಪ್ರಾಥಮಿಕ ಶಿಕ್ಷಕರಿಗೂ ಸ್ನಾತಕೋತ್ತರ ಪದವಿ ಬೇಕೆಂದದ್ದು ಟಿಪ್ಪಣಿಗಳಲ್ಲಿ ಹಿಂದೆ ಸರಿದವು. ಆ ಫಿನ್‌ಲೆಂಡಿನ ಗಣಿತದ ಅಂಕವೂ 2006ರಲ್ಲಿ 548 ಇದ್ದದ್ದು 2022ರಲ್ಲಿ 484ಕ್ಕೆ ಇಳಿಯಿತು; ಸಿಂಗಪುರ 575 ಪಡೆದು ಮೊದಲ ಸ್ಥಾನದಲ್ಲಿತ್ತು. ಯಾತ್ರಿಕರು ಈಗ ಬೇರೆ ದಿಕ್ಕಿಗೆ ಹೊರಟಿದ್ದಾರೆ.

ನಮ್ಮ ದೇಶದ ಪರವಾಗಿ ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಒಮ್ಮೆ ಈ ಪರೀಕ್ಷೆಗೆ ಕುಳಿತವು. 2011ರ ಕೊನೆಯಲ್ಲಿ ಹೊರಬಿದ್ದ ಫಲಿತಾಂಶದಲ್ಲಿ 74 ಸ್ಪರ್ಧಿಗಳ ಪೈಕಿ ಇವೆರಡೂ ತಳದಲ್ಲಿದ್ದವು. ಇವುಗಳಿಗಿಂತ ಕೆಳಗಿದ್ದದ್ದು ಕಿರ್ಗಿಸ್ತಾನ ಮಾತ್ರ. ಪ್ರಶ್ನೆಗಳು ನಮ್ಮ ಮಕ್ಕಳ ಪರಿಸರಕ್ಕೆ ಹೊಂದುವುದಿಲ್ಲ ಎಂದು ಹೇಳಿ ಮುಂದಿನ ಸುತ್ತಿನಿಂದ ಭಾರತ ಹಿಂದೆ ಸರಿಯಿತು. ಆ ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ನಮ್ಮದೇ ನೆಲದಲ್ಲಿ, ನಮ್ಮದೇ ಭಾಷೆಗಳಲ್ಲಿ 2005ರಿಂದ ನಡೆಯುತ್ತ ಬಂದ 'ಅಸರ್' ಸಮೀಕ್ಷೆ, ಗ್ರಾಮೀಣ ಭಾರತದಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಎರಡನೆಯ ತರಗತಿಯ ಪಾಠವನ್ನು ಓದಲು ಬರುವುದಿಲ್ಲವೆಂದು ಮತ್ತೆ ಮತ್ತೆ ಹೇಳಿದೆ. ಅದಕ್ಕೆ ಯಾವ ಆಕ್ಷೇಪ ಹೇಳೋಣ?

ಹೆಗ್ಗಡದೇವನಕೋಟೆಯ ತಟ್ಟೆಗಳು

ಈ ಕಥೆಗೆ ಇನ್ನೊಂದು ತಿರುವಿದೆ. ಆಂಧ್ರದ ಮದನಪಲ್ಲಿ ಬಳಿಯ ಋಷಿ ವ್ಯಾಲಿ ಸಂಸ್ಥೆ ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗೆಂದು ಕಲಿಕೆಯ ಕಾರ್ಡುಗಳನ್ನು ರೂಪಿಸಿತ್ತು. ಅದನ್ನು ನೋಡಿ ಬಂದ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ, ಯೂನಿಸೆಫ್ ನೆರವಿನಿಂದ, ತಮ್ಮ ಶಾಲೆಗಳಿಗೆ ಒಪ್ಪುವಂತೆ 'ನಲಿ ಕಲಿ'ಯನ್ನು ಕಟ್ಟಿದರು. ಬೆಂಚುಗಳ ಸಾಲಿಲ್ಲ, ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕೂರುತ್ತಾರೆ. ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕೆಯ ಏಣಿ ಏರುತ್ತದೆ. ಗುಂಪುಗಳಿಗೆ ತಟ್ಟೆ ಎಂದು ಹೆಸರು. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಭಾಗಶಃ ನೆರವು. ಮತ್ತೊಂದು ತಟ್ಟೆಯಲ್ಲಿ ಕಲಿತ ಮಗು ಕಲಿಯುತ್ತಿರುವ ಮಗುವಿಗೆ ನೆರವಾಗುತ್ತದೆ. ದೆಲ್ಲ ವಲ್ಲೆ ಘಟ್ಟದ ಮೇಲೆ ಕಂಡ ನಾಲ್ವರು ಹುಡುಗರು ಈ ತಟ್ಟೆಯ ಸುತ್ತ ಕುಳಿತಿದ್ದರೆ ಅಚ್ಚರಿಯಿಲ್ಲ! ಬೊಲಿವಾರ್ ಒಂದು ಕಾಲಕ್ಕೆ ಆಳಿದ ಕೊಲಂಬಿಯದಲ್ಲೂ 1970ರ ದಶಕದಲ್ಲಿ ಹಳ್ಳಿಯ ಸಣ್ಣ ಶಾಲೆಗಳಿಗಾಗಿ ಇದನ್ನೇ ಹೋಲುವ 'ಎಸ್ಕುವೆಲ ನುಯೆವ', ಅಂದರೆ ಹೊಸ ಶಾಲೆ, ಎಂಬ ಪ್ರಯೋಗ ಹುಟ್ಟಿತ್ತು.

2009ರ ಸುಮಾರಿಗೆ ನಲಿ ಕಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ಶಿಕ್ಷಕರು ತಾವೇ ಕಟ್ಟಿಕೊಂಡಾಗ ಇದ್ದ ಹುರುಪು ಇಲಾಖೆಯ ಸುತ್ತೋಲೆಯಾಗಿ ಬಂದಾಗ ಉಳಿಯಲಿಲ್ಲ, ಒಬ್ಬರೇ ಶಿಕ್ಷಕರು ಮೂರು ತರಗತಿ ನೋಡಿಕೊಳ್ಳಲು ಇದು ನೆಪವಾಯಿತು ಎಂಬ ದೂರುಗಳೂ ಬಂದವು. ಈ ದೂರು ನಮಗೆ ಹೊಸದಲ್ಲ. ಲಂಡನ್ನಿನ ಹಜಾರದಲ್ಲಿ ಆದದ್ದೂ ಇದೇ. ಮಕ್ಕಳು ಮಕ್ಕಳಿಗೆ ಕಲಿಸುವುದು ಶಿಕ್ಷಕರ ಜೊತೆಗೆ ಬಂದಾಗ ವರ. ಶಿಕ್ಷಕರ ಬದಲಿಗೆ ಬಂದಾಗ ಮಿತವ್ಯಯ.

1900ರಲ್ಲಿ ಇಂಗ್ಲೆಂಡಿನ ಶಿಕ್ಷಣತಜ್ಞ ಮೈಕೆಲ್ ಸ್ಯಾಡ್ಲರ್ ಒಂದು ಉಪನ್ಯಾಸದಲ್ಲಿ, ಬೇರೆ ದೇಶಗಳ ಶಾಲೆಗಳನ್ನು ಅರಿಯಲು ಶಾಲೆಯ ಒಳಗಿಗಿಂತ ಹೊರಗನ್ನು ಹೆಚ್ಚಾಗಿ ನೋಡಬೇಕೆಂಬ ಎಚ್ಚರಿಕೆ ಕೊಟ್ಟಿದ್ದ. ಅಲ್ಲೊಂದು ಇಲ್ಲೊಂದು ಕಿತ್ತು ತಂದು ನೆಟ್ಟರೆ ತೋಟವಾಗುವುದಿಲ್ಲ ಎಂಬುದು ಅವನ ಮಾತಿನ ಸಾರ. ಮುಂದೆ 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಆಯೋಗದ ಅಧ್ಯಕ್ಷನಾಗಿ ನಮ್ಮ ದೇಶಕ್ಕೆ ಬಂದವನೂ ಇವನೇ. ಯಾರು ಮುಂದೆ, ಯಾರು ಹಿಂದೆ ಎಂಬ ಪಟ್ಟಿ ನೋಡುವಾಗ ಈ ಮಾತನ್ನು ನೆನೆಯಬೇಕು. ಬಳ್ಳಾರಿಯ ವರದಿಯಲ್ಲಿ ನಮ್ಮನ್ನು ಇಂದಿಗೂ ಕಾಡಬೇಕಾದವು ಎರಡು ಸಂಗತಿಗಳು: ಒಂದು, ಮಗ್ಗ ನಿಂತಾಗ ಶಾಲೆಯೂ ನಿಂತದ್ದು, ಇನ್ನೊಂದು, ಅರುವತ್ತು ಎಂಬ ಆ ಸಣ್ಣ ಸಂಖ್ಯೆ.

2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ, ಮೊಬೈಲ್ ಇಲ್ಲದ ಮನೆಗಳ ಮಕ್ಕಳಿಗಾಗಿ ಕರ್ನಾಟಕದಲ್ಲಿ 'ವಿದ್ಯಾಗಮ' ಎಂಬ ಕಾರ್ಯಕ್ರಮ ಕೆಲವು ತಿಂಗಳು ನಡೆಯಿತು. ಶಿಕ್ಷಕರು ಊರಿಗೆ ಹೋಗಿ ಮರದ ನೆರಳಿನಲ್ಲಿ, ಸಮುದಾಯ ಭವನದಲ್ಲಿ, ದೇವಸ್ಥಾನದ ಅಂಗಳದಲ್ಲಿ ಮಕ್ಕಳನ್ನು ಕೂರಿಸಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೆ ಆ ಕೆಲವು ತಿಂಗಳು ಜಗಲಿಗೆ ಶಾಲೆ ಮರಳಿ ಬಂದಿತ್ತು. ಈ ಸಲ ಅಲ್ಲಿ ಹುಡುಗಿಯರೂ ಇದ್ದರು.